ಬಡ ತಾಮ್ರದ ಅದಿರಿನಲ್ಲಿ ಖನಿಜದ ಲೆಕ್ಕ ತಪ್ಪುತ್ತಿದೆಯಾ? ಮೊದಲು ಪಲ್ವರೈಸರ್ (ಕಲ್ಲು ಅರೆಯುವ ಯಂತ್ರ) ನೋಡಿ

ಕಲ್ಲಿನ ಮೇಲೆ ಕಣ್ಣಿಗೆ ಕಾಣುವಷ್ಟು ಹಸಿರು ಇದೆ, ರಿಪೋರ್ಟಿನಲ್ಲಿ ಮಾತ್ರ ಹಸಿರು ಖನಿಜ ಇಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಲ್ಯಾಬ್‌ಗೆ ಎದುರಾದ ತೊಂದರೆ ಇದು. ಲ್ಯಾಬ್ ಇರುವುದು ಬೆಳಗಾವಿಯ ಉದ್ಯಮಬಾಗದಲ್ಲಿ. ಸುತ್ತಲೂ ಫೌಂಡ್ರಿಗಳು, ಹಾಗಾಗಿ ದಿನದ ಕೆಲಸ ಅಂದರೆ ಎರಕದ ಮರಳು, ಬೀಡು, ಬಾಕ್ಸೈಟ್, ಬಾಗಲಕೋಟೆ ಕಡೆಯ ಸುಣ್ಣದ ಕಲ್ಲು. ತಾಮ್ರದ ಅದಿರು ಬರುವುದು ಅಪರೂಪ. ಬಾಕ್ಸೈಟ್‌ಗೆ ರೂಢಿಯಾದ ಕೈಯಲ್ಲೇ ತಾಮ್ರವನ್ನೂ ಮುಟ್ಟುತ್ತೇವೆ, ಎಡವುವುದು ಅಲ್ಲೇ. ನಿಮ್ಮಲ್ಲೂ ಹೀಗೇ ಆಗುತ್ತಿದ್ದರೆ ಎಲ್ಲಿಂದ ಹುಡುಕಬೇಕು ಅಂತ ಇಲ್ಲಿ ಬರೆದಿದ್ದೇನೆ.

ಬಂದ ಅದಿರು ಬಡದ್ದು. ಒಟ್ಟು ತಾಮ್ರ ಶೇ. 0.54, ಅಂದರೆ ಟನ್ನಿಗೆ ಐದೂವರೆ ಕೆ.ಜಿ. ಕೂಡ ಇಲ್ಲ. ಇಷ್ಟು ಕಡಿಮೆ ಇರುವಾಗ "ತಾಮ್ರ ಎಷ್ಟಿದೆ" ಅನ್ನುವುದಕ್ಕಿಂತ "ತಾಮ್ರ ಯಾವ ಖನಿಜದಲ್ಲಿ ಕೂತಿದೆ" ಅನ್ನುವುದೇ ದೊಡ್ಡ ಪ್ರಶ್ನೆ. ಚಾಲ್ಕೋಪೈರೈಟ್ (ತಾಮ್ರ, ಕಬ್ಬಿಣ, ಗಂಧಕ ಸೇರಿದ ಸಲ್ಫೈಡ್ ಖನಿಜ) ಆದರೆ ಕ್ಸಾಂಥೇಟ್ ಅನ್ನುವ ರಾಸಾಯನಿಕ ಹಾಕಿ ನೊರೆಯಲ್ಲಿ ತೇಲಿಸಬಹುದು. ಆ ಹಸಿರು ಖನಿಜ, ಮ್ಯಾಲಕೈಟ್ (ತಾಮ್ರದ ಕಾರ್ಬೊನೇಟ್) ಆದರೆ ಹಾಗೆ ಸುಮ್ನೆ ತೇಲುವುದಿಲ್ಲ, ಮೊದಲು ಸಲ್ಫೈಡ್ ಲೇಪ ಕೊಡಬೇಕು, ಇಲ್ಲವೇ ಆಮ್ಲದಲ್ಲಿ ಕರಗಿಸಬೇಕು. ಗೋಯಥೈಟ್ ಅನ್ನುವ ತುಕ್ಕಿನಂಥ ಕಬ್ಬಿಣದ ಖನಿಜದಲ್ಲೋ ಅಭ್ರಕದಲ್ಲೋ ಸೇರಿಕೊಂಡಿದ್ದರೆ ಎರಡೂ ದಾರಿ ಕೆಲಸಕ್ಕೆ ಬರುವುದಿಲ್ಲ. ಇದು ತಪ್ಪಿದರೆ ಮುಂದಿನ ಪ್ಲಾಂಟ್ ಪೂರ್ತಿ ತಪ್ಪು ಲೆಕ್ಕದ ಮೇಲೆ ನಿಲ್ಲುತ್ತದೆ.

ನಾವು ಮಾಡಿದ್ದು ಎಲ್ಲರೂ ಮಾಡುವ ಮೂರು ಹೆಜ್ಜೆಯ ಕರಗಿಸುವಿಕೆ. ಮೊದಲು ಶೇ. 5ರ ಗಂಧಕಾಮ್ಲ: ಇದರಲ್ಲಿ ಮ್ಯಾಲಕೈಟ್, ಅಜುರೈಟ್‌ನಂಥವು ಕರಗುತ್ತವೆ. ಆಮೇಲೆ ಸಯನೈಡ್: ಚಾಲ್ಕೋಸೈಟ್, ಕೋವೆಲೈಟ್, ಬಾರ್ನೈಟ್ ಅನ್ನುವ ಬೇರೆ ಸಲ್ಫೈಡ್ ಖನಿಜಗಳು ಕರಗುತ್ತವೆ. ಕೊನೆಗೆ ಉಳಿದದ್ದನ್ನು ನಾಲ್ಕು ಆಮ್ಲ ಸೇರಿಸಿ ಪೂರ್ತಿ ಕರಗಿಸಿದರೆ ಬರುವುದು ಹೆಚ್ಚಾಗಿ ಚಾಲ್ಕೋಪೈರೈಟ್‌ನ ತಾಮ್ರ. ನಮಗೆ ಬಂದ ಅಂಕಿ, ಶೇಕಡಾ ತಾಮ್ರದ ಲೆಕ್ಕದಲ್ಲಿ: ಆಮ್ಲದಲ್ಲಿ 0.03, ಸಯನೈಡ್‌ನಲ್ಲಿ 0.26, ಶೇಷದಲ್ಲಿ 0.24. ಕೂಡಿದರೆ 0.53. ಒಟ್ಟು 0.54ಕ್ಕೆ ಸರಿಯಾಗಿ ಹೊಂದಿತು, ಅಲ್ವಾ? ಹೊಂದಿತು ಅಂತಲೇ ರಿಪೋರ್ಟ್ ಹೋಯಿತು. ಅಲ್ಲೇ ಆಗಿದ್ದು ತಪ್ಪು.

ಆಮ್ಲದ ಅಂಕಿ ತೀರಾ ಕಡಿಮೆ ಬಂದರೆ

ಗಿರಾಕಿ ಫೋನ್ ಮಾಡಿ ಕಲ್ಲಿನ ಬಿರುಕಿನಲ್ಲಿ ಹಸಿರು ಇದೆ, ಲೆನ್ಸ್ ಹಿಡಿದರೆ ಇನ್ನೂ ಜಾಸ್ತಿ ಕಾಣುತ್ತದೆ ಅಂದರು. ನಾವು ಮೊದಲು ಅನುಮಾನಪಟ್ಟಿದ್ದು ದ್ರಾವಣದಲ್ಲಿರುವ ಲೋಹ ಅಳೆಯುವ ಎಎಎಸ್ ಯಂತ್ರವನ್ನು. ದೀಪ ಬದಲಿಸಿದೆವು, ಹೊಸ ಸ್ಟ್ಯಾಂಡರ್ಡ್ ಮಾಡಿದೆವು, ಎರಡು ದಿನ ಹೋಯಿತು. ಅಂಕಿ ಕದಲಲಿಲ್ಲ. ಆಮ್ಲ ಹಳೆಯದಿರಬಹುದು ಅಂತ ಹೊಸ ಬಾಟಲಿ ಒಡೆದೆವು. ಅದೇ 0.03.

ಮೂರನೇ ದಿನ ಸಂಜೆ ಬೀಕರ್ ತೊಳೆಯುತ್ತಿದ್ದ ಹುಡುಗ ಸ್ಟಿರರ್‌ನ ಆಯಸ್ಕಾಂತದ ಕಡ್ಡಿ ಹಿಡಿದುಕೊಂಡು ಬಂದ. "ಸರ, ಇದರ ಮ್ಯಾಲೆ ಕೆಂಪಗ ಏನೋ ಹತ್ತೇತಿ ನೋಡ್ರಿ" ಅಂದ. ಬಿಳಿ ಕಡ್ಡಿಯ ಎರಡೂ ತುದಿಗೆ ಗಡ್ಡದ ಹಾಗೆ ಸಣ್ಣ ಕಬ್ಬಿಣದ ಚೂರು ಅಂಟಿತ್ತು. ಕಪ್ಪಗಿರಬೇಕಾದ ಆ ಚೂರಿನ ಮೇಲೆ ಹೊಸ ತಾಮ್ರದ ತಂಬಿಗೆಯ ಬಣ್ಣದ ತೆಳು ಲೇಪ. ದೀಪದ ಕೆಳಗೆ ಹಿಡಿದು ತಿರುಗಿಸಿದರೆ ಗುಲಾಬಿ ಛಾಯೆ ಮಿನುಗುತ್ತಿತ್ತು. ನಾವು ಹುಡುಕುತ್ತಿದ್ದ ತಾಮ್ರ ಅಲ್ಲಿ ಕೂತಿತ್ತು.

ಆದದ್ದು ಇಷ್ಟು. ಮ್ಯಾಲಕೈಟ್ ಆಮ್ಲದಲ್ಲಿ ಸರಿಯಾಗಿಯೇ ಕರಗಿ ತಾಮ್ರ ದ್ರಾವಣಕ್ಕೆ ಬಂದಿದೆ. ಆದರೆ ಪುಡಿಯಲ್ಲಿ ಕಬ್ಬಿಣದ ಚೂರು ಇತ್ತು. ಕಬ್ಬಿಣ ತಾನು ಕರಗಿ ತಾಮ್ರವನ್ನು ತನ್ನ ಮೈಮೇಲೆ ಇಳಿಸಿಕೊಂಡಿತು. ತಾಮ್ರದ ಗಣಿಗಳಲ್ಲಿ ಗುಜರಿ ಕಬ್ಬಿಣ ಹಾಕಿ ದ್ರಾವಣದಿಂದ ತಾಮ್ರ ಇಳಿಸುವ ಹಳೆಯ ಪದ್ಧತಿ ಇದೆಯಲ್ಲ, ಅದೇ ಕೆಲಸ ನಮ್ಮ ಬೀಕರ್‌ನಲ್ಲಿ ನಮಗೆ ಗೊತ್ತಿಲ್ಲದೆ ನಡೆದಿತ್ತು. ಹಾಗೆ ಇಳಿದ ತಾಮ್ರ ಸೋಸುವಾಗ ಶೇಷದ ಜೊತೆ ಫಿಲ್ಟರ್ ಕಾಗದದಲ್ಲೇ ನಿಂತಿತು. ಮುಂದಿನ ಹೆಜ್ಜೆ ಸಯನೈಡ್. ಲೋಹದ ತಾಮ್ರ ಗಾಳಿ ಆಡುವ ಸಯನೈಡ್‌ನಲ್ಲಿ ಕರಗುತ್ತದೆ. ಹೀಗಾಗಿ ಮ್ಯಾಲಕೈಟ್‌ನ ತಾಮ್ರ ಚಾಲ್ಕೋಸೈಟ್ ಅಂತ ಹೆಸರು ಬದಲಿಸಿಕೊಂಡು ರಿಪೋರ್ಟಿಗೆ ಬಂತು. ಒಟ್ಟು ಹೊಂದಿದ್ದೂ ಅದಕ್ಕೇ, ಏನೂ ಕಳೆದುಹೋಗಿರಲಿಲ್ಲ, ಒಂದು ಖಾನೆಯಿಂದ ಇನ್ನೊಂದಕ್ಕೆ ಜಾರಿತ್ತು ಅಷ್ಟೆ.

ಇದಕ್ಕೆ ಎಷ್ಟು ಕಬ್ಬಿಣ ಬೇಕು ಗೊತ್ತಾ? 63.5 ಗ್ರಾಂ ತಾಮ್ರ ಇಳಿಸಲು ಸುಮಾರು 56 ಗ್ರಾಂ ಕಬ್ಬಿಣ ಸಾಕು. ನಾವು ತೂಗಿದ್ದು 2 ಗ್ರಾಂ ಪುಡಿ. ಜಾರಿದ ತಾಮ್ರ ಶೇ. 0.14 (ಅದು ಹೇಗೆ ಗೊತ್ತಾಯಿತು ಅಂತ ಮುಂದೆ ಹೇಳುತ್ತೇನೆ), ಅಂದರೆ 2.8 ಮಿಲಿಗ್ರಾಂ. ಅದನ್ನು ಇಳಿಸಲು ಎರಡೂವರೆ ಮಿಲಿಗ್ರಾಂ ಕಬ್ಬಿಣ ಸಾಕು. ಆಮ್ಲವೂ ಸ್ವಲ್ಪ ಕಬ್ಬಿಣ ತಿನ್ನುತ್ತದೆ ಅಂತ ಇಟ್ಟುಕೊಂಡರೂ ಒಂದು ಚಿಟಿಕೆಗೂ ಕಡಿಮೆಯೇ. ಶ್ರೀಮಂತ ಅದಿರಿನಲ್ಲಿ ಇದು ಗೊತ್ತೂ ಆಗುವುದಿಲ್ಲ, ಬಡ ಅದಿರಿನಲ್ಲಿ ತೀರ್ಮಾನವನ್ನೇ ತಿರುಗಿಸುತ್ತದೆ.

ಕಬ್ಬಿಣ ಬಂದದ್ದು ಪಲ್ವರೈಸರ್‌ನ ತಟ್ಟೆಯಿಂದ. ಹಳೆಯದು ಸವೆದಿತ್ತು ಅಂತ ಬದಲಿಗೆ ಹಾಕಿದ್ದ ಬೀಡಿನ (ಎರಕದ ಕಬ್ಬಿಣದ) ತಟ್ಟೆ ಮೆತ್ತಗಿತ್ತು, ಕ್ವಾರ್ಟ್ಜ್ ಅದನ್ನು ಕೆರೆದು ಪುಡಿಗೆ ಸೇರಿಸುತ್ತಿತ್ತು. ಬಾಕ್ಸೈಟ್‌ನಲ್ಲಿ ಮೊದಲೇ ಕಬ್ಬಿಣ ಇರುತ್ತದೆ, ಎರಡು ಮಿಲಿಗ್ರಾಂ ಹೆಚ್ಚಾದರೆ ಯಾರು ಕೇಳುತ್ತಾರೆ?

ನೀವು ಪತ್ತೆ ಮಾಡಬೇಕಾದದ್ದು ಹೀಗೆ. ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ, ಆಯಸ್ಕಾಂತಕ್ಕೆ ತೆಳು ಪ್ಲಾಸ್ಟಿಕ್ ಸುತ್ತಿ ಮೇಲೆ ಆಡಿಸಿ. ಅಂಟಿದ್ದನ್ನು ಲೆನ್ಸ್‌ನಲ್ಲಿ ನೋಡಿ. ಚಪ್ಪಟೆ, ಸುರುಳಿ, ಹೊಳೆಯುವ ಅಂಚು ಇದ್ದರೆ ಯಂತ್ರದ ಕಬ್ಬಿಣ. ದಪ್ಪಗೆ ಮೂಲೆ ಮೂಲೆಯಾಗಿ ಕಪ್ಪಗಿದ್ದರೆ ಅದಿರಿನ ಮ್ಯಾಗ್ನೆಟೈಟ್ (ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಖನಿಜ) ಇರಬಹುದು. ಅನುಮಾನ ಇದ್ದರೆ ಅದನ್ನು ನೀಲಿ ಮೈಲುತುತ್ತದ ನೀರಿಗೆ ಹಾಕಿ. ಕಬ್ಬಿಣ ಆದರೆ ಸ್ವಲ್ಪ ಹೊತ್ತಿಗೇ ಕೆಂಪಗಾಗುತ್ತದೆ, ಮ್ಯಾಗ್ನೆಟೈಟ್ ಹಾಗೇ ಕಪ್ಪಗೆ ಇರುತ್ತದೆ. ಒಂದು ಎಚ್ಚರಿಕೆ: ಕಬ್ಬಿಣ ಸಿಕ್ಕಿತು ಅಂತ ಆಯಸ್ಕಾಂತದಿಂದ ತೆಗೆದುಹಾಕಿ ಉಳಿದ ಪುಡಿಯನ್ನೇ ಪರೀಕ್ಷೆ ಮಾಡಬೇಡಿ. ಅದರ ಜೊತೆ ಮ್ಯಾಗ್ನೆಟೈಟ್, ಪಿರ್ಹೊಟೈಟ್ (ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಸಲ್ಫೈಡ್) ಹೋಗುತ್ತವೆ, ಅವುಗಳಿಗೆ ಅಂಟಿದ ಚಾಲ್ಕೋಪೈರೈಟ್ ಕೂಡ ಹೋಗುತ್ತದೆ. ಒರಟು ಸ್ಯಾಂಪಲ್‌ನಿಂದ ಹೊಸದಾಗಿ ತೆಗೆದು ಅಗೇಟ್ ಅನ್ನುವ ಗಟ್ಟಿ ಕಲ್ಲಿನ ಒರಳಿನಲ್ಲಿ ಅರೆಯುವುದೇ ಸರಿ.

ಅಗೇಟ್‌ನಲ್ಲಿ ಅರೆದ ಮೇಲೆ ನಮ್ಮ ಅಂಕಿ: ಆಮ್ಲದಲ್ಲಿ 0.17, ಸಯನೈಡ್‌ನಲ್ಲಿ 0.12, ಶೇಷದಲ್ಲಿ ಅದೇ 0.24. ಮೊತ್ತ ಮತ್ತೆ 0.53. ಮೊದಲ ರಿಪೋರ್ಟಿನ ಪ್ರಕಾರ ಆಮ್ಲದಲ್ಲಿ ಕರಗುವ ತಾಮ್ರ ಒಟ್ಟಿನಲ್ಲಿ ಶೇ. 6 ಕೂಡ ಇರಲಿಲ್ಲ, ಈಗ ಶೇ. 31. ಬರೀ ಕ್ಸಾಂಥೇಟ್ ನಂಬಿ ಹೋಗಿದ್ದರೆ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ತಾಮ್ರ ಟೇಲಿಂಗ್ಸ್‌ಗೆ, ಅಂದರೆ ಎಸೆಯುವ ಕಸಕ್ಕೆ ಹೋಗುತ್ತಿತ್ತು.

ಆಮ್ಲದ ಅಂಕಿ ಕಡಿಮೆ ಬರಲು ಇನ್ನೂ ಎರಡು ಕಾರಣ ಇವೆ. ಅದಿರಿನಲ್ಲಿ ಕ್ಯಾಲ್ಸೈಟ್ ಬಹಳ ಇದ್ದರೆ ಅದೇ ಆಮ್ಲವನ್ನು ಕುಡಿದುಬಿಡುತ್ತದೆ, ಒಂದು ತಾಸಿನ ನಂತರವೂ ಪಿಎಚ್ 1.5ರ ಕೆಳಗೇ ಇದೆಯಾ ಅಂತ ನೋಡಿ. ಕ್ಯೂಪ್ರೈಟ್ (ತಾಮ್ರದ ಕೆಂಪು ಆಕ್ಸೈಡ್) ಇದ್ದರೆ ಬರೀ ಗಂಧಕಾಮ್ಲದಲ್ಲಿ ಅರ್ಧ ಮಾತ್ರ ಕರಗುತ್ತದೆ, ಉಳಿದರ್ಧ ಲೋಹದ ತಾಮ್ರವಾಗಿ ಬೀಕರ್‌ನಲ್ಲೇ ಉಳಿಯುತ್ತದೆ.

ಆಮ್ಲದ ಅಂಕಿ ಜಾಸ್ತಿ ಬಂದರೆ

ಇದು ನಮ್ಮ ಊರಿನ ಮಳೆಯ ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ಗೋಣಿಚೀಲ ಒಣಗುವುದೇ ಇಲ್ಲ. ಪೈರೈಟ್ (ಕಬ್ಬಿಣದ ಸಲ್ಫೈಡ್) ಇರುವ ಅದಿರನ್ನು ಒದ್ದೆ ಗೋಣಿಚೀಲದಲ್ಲಿ ಮೂರು ವಾರ ಮೂಲೆಯಲ್ಲಿಟ್ಟರೆ ನೀರು, ಗಾಳಿ ಸೇರಿ ಪೈರೈಟ್ ನಿಧಾನಕ್ಕೆ ಆಮ್ಲ ಬಿಡುತ್ತದೆ, ಜೊತೆಗೆ ಫೆರಿಕ್ ಕಬ್ಬಿಣ. ಅದು ಚಾಲ್ಕೋಸೈಟ್‌ಗೆ ಬಾಯಿ ಹಾಕುತ್ತದೆ. ಚೀಲದ ಒಳಮೈಯಲ್ಲಿ ತೆಳು ನೀಲಿ ಹೂವು ಕಟ್ಟಿದ್ದು ಕಂಡರೆ ಆ ಸ್ಯಾಂಪಲ್ ಗಣಿಯಲ್ಲಿ ಇದ್ದ ಹಾಗೆ ಉಳಿದಿಲ್ಲ ಅಂತಲೇ ತಿಳಿಯಿರಿ.

ಪತ್ತೆ ಸುಲಭ. 10 ಗ್ರಾಂ ಪುಡಿಯನ್ನು ಬರೀ ಡಿಸ್ಟಿಲ್ಡ್ ನೀರಿನಲ್ಲಿ ಅರ್ಧ ತಾಸು ಅಲುಗಾಡಿಸಿ, ಸೋಸಿ, ನೀರಿನ ತಾಮ್ರ ಅಳೆಯಿರಿ. ಆಳದಿಂದ ತೆಗೆದ ತಾಜಾ ಸಲ್ಫೈಡ್ ಅದಿರಿನಲ್ಲಿ ನೀರಿಗೆ ಬರುವ ತಾಮ್ರ ಇಲ್ಲವೆನ್ನುವಷ್ಟು ಕಡಿಮೆ ಇರಬೇಕು. ಅಲ್ಲೇ ಒಳ್ಳೆಯ ಅಂಕಿ ಬಂದರೆ ಸ್ಯಾಂಪಲ್ ಕೆಟ್ಟಿದೆ, ಹೊಸದು ತರಿಸಿ.

ಓವನ್ ಇನ್ನೊಂದು ಅಪರಾಧಿ. ಸುಣ್ಣದ ಕಲ್ಲಿಗೆ, ಬಾಕ್ಸೈಟ್‌ಗೆ 105 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವುದು ರೂಢಿ, ಅದರಲ್ಲಿ ತಪ್ಪಿಲ್ಲ. ಅದೇ ಟ್ರೇಯಲ್ಲಿ ಸಲ್ಫೈಡ್ ಪುಡಿ ಇಟ್ಟರೆ ಅದರ ಮೈ ಆಕ್ಸೈಡ್ ಆಗುತ್ತದೆ. ತಾಮ್ರಕ್ಕೆ 60 ಡಿಗ್ರಿ ದಾಟಬೇಡಿ, ಒಂದು ದಿನ ಹೆಚ್ಚು ಹಿಡಿದರೂ ಪರವಾಗಿಲ್ಲ. ಅರೆದ ಪುಡಿಯನ್ನು ಗಾಳಿಯಾಡದ ಪ್ಯಾಕೆಟ್‌ನಲ್ಲಿ ಫ್ರಿಜ್‌ನಲ್ಲಿಡಿ.

ಸ್ಯಾಂಪಲ್ ಚೆನ್ನಾಗಿದ್ದೂ ಅಂಕಿ ಜಾಸ್ತಿ ಬಂದರೆ, ಅದಿರಿನಲ್ಲೇ ಗೋಯಥೈಟ್, ಜಾರೋಸೈಟ್ (ಕಬ್ಬಿಣದ ಸಲ್ಫೇಟ್ ಖನಿಜ) ಇದೆಯಾ ನೋಡಿ. ಅವು ಆಮ್ಲದಲ್ಲಿ ಫೆರಿಕ್ ಬಿಟ್ಟು ಚಾಲ್ಕೋಸೈಟ್‌ನ ಒಂದು ಭಾಗವನ್ನು ಮೊದಲ ಹೆಜ್ಜೆಯಲ್ಲೇ ಕರಗಿಸುತ್ತವೆ. ಆಮ್ಲಕ್ಕೆ ಸ್ವಲ್ಪ ಸೋಡಿಯಂ ಸಲ್ಫೈಟ್ ಸೇರಿಸಿದರೆ ಫೆರಿಕ್ ಬಲ ಕಳೆದುಕೊಳ್ಳುತ್ತದೆ. ಮೂಗಿಗೆ ಹೊಡೆಯುವ ಗಂಧಕದ ಹೊಗೆ ಬರುತ್ತದೆ, ಹೊಗೆ ಹೀರುವ ಹುಡ್ ಒಳಗೇ ಮಾಡಿ.

ಎರಡು ಸಲ ಮಾಡಿದರೆ ಎರಡು ಅಂಕಿ ಬಂದರೆ

ಅವಲಕ್ಕಿ ಚೂಡಾ ಡಬ್ಬಿ ನೆನಪಿಸಿಕೊಳ್ಳಿ. ನಾಲ್ಕು ದಿನ ಆದಮೇಲೆ ಮೇಲೆ ಬರೀ ಅವಲಕ್ಕಿ, ತಳದಲ್ಲಿ ಶೇಂಗಾ, ಪುಟಾಣಿ, ಖಾರದ ಪುಡಿ. ಅದಿರಿನ ಪುಡಿಯೂ ಹಾಗೇ. ಚಾಲ್ಕೋಪೈರೈಟ್‌ನ ಸಾಂದ್ರತೆ 4.2, ಕ್ವಾರ್ಟ್ಜ್‌ನದು 2.65. ಬಾಟಲಿ ಅಲುಗಿದಷ್ಟೂ ಭಾರದ್ದು ಕೆಳಗೆ ಇಳಿಯುತ್ತದೆ, ನಾವು ಚಮಚದಿಂದ ಮೇಲಿನದನ್ನು ತೆಗೆಯುತ್ತೇವೆ. ಒರಟು ಸ್ಯಾಂಪಲ್ ಆದರೆ ಇನ್ನೂ ಜಾಸ್ತಿ. ರಾಶಿ ಮಾಡಿ ನಾಲ್ಕು ಪಾಲು ಮಾಡುವುದಕ್ಕಿಂತ ರಿಫಲ್ ಡಬ್ಬಿಯಲ್ಲಿ (ಪುಡಿಯನ್ನು ಎರಡು ಸಮ ಪಾಲು ಮಾಡುವ ಸೀಳುಗಳ ಡಬ್ಬಿ) ಸುರಿದು ಭಾಗ ಮಾಡುವುದು ಎಷ್ಟೋ ಮೇಲು. ಎಲ್ಲವನ್ನೂ 2 ಮಿ.ಮೀ. ಒಳಗೆ ಒಡೆದ ಮೇಲೆ ಭಾಗ ಮಾಡಿ, ಕೊನೆಯ 200 ಗ್ರಾಂ ಪೂರ್ತಿಯಾಗಿ 75 ಮೈಕ್ರಾನ್ ಒಳಗೆ ಅರೆಯಿರಿ. ಜರಡಿಯ ಮೇಲೆ ಉಳಿದ ನಾಲ್ಕು ಕಾಳು ಎಸೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಲೋಹದ ತಾಮ್ರ ಇದ್ದರೆ ಅದು ಒಡೆಯುವುದಿಲ್ಲ, ಚಪ್ಪಟೆಯಾಗಿ ಜರಡಿಯ ಮೇಲೇ ನಿಲ್ಲುತ್ತದೆ.

ಜರಡಿ ಅಂದೆನಲ್ಲ, ಅದು ಹಿತ್ತಾಳೆಯದಾ ನೋಡಿಕೊಳ್ಳಿ. ಫೌಂಡ್ರಿ ಮರಳಿಗೆ ಹಿತ್ತಾಳೆ ಜರಡಿ ಆದೀತು, ತಾಮ್ರದ ಬಡ ಅದಿರಿಗೆ ಬೇಡ. ಹಿತ್ತಾಳೆಯೇ ಮೂರರಲ್ಲಿ ಎರಡು ಪಾಲು ತಾಮ್ರ. ಸತುವಿನ ಅಂಕಿ ತಾಮ್ರದ ಜೊತೆಗೇ, ಅದರ ಅರ್ಧದಷ್ಟು ಏರುತ್ತಿದ್ದರೆ ಜರಡಿಯನ್ನು ಅನುಮಾನಿಸಿ. ಸ್ಟೀಲ್ ಜರಡಿಗೆ ಬದಲಿಸಿದರೆ ಮುಗಿಯಿತು.

ಎಕ್ಸ್‌ಆರ್‌ಡಿ ಸುಳ್ಳು ಹೇಳಿದಂತೆ ಕಂಡರೆ

ಎಕ್ಸ್-ಕಿರಣ ಬಿಟ್ಟು, ಗ್ರಾಫಿನಲ್ಲಿ ಬರುವ ಗೆರೆಗಳಿಂದ ಖನಿಜ ಗುರುತಿಸುವ ಯಂತ್ರ ಇದು. ಸುಳ್ಳು ಹೇಳುವುದಿಲ್ಲ, ನಾವು ಕೇಳುವ ಪ್ರಶ್ನೆ ಅದರ ಶಕ್ತಿಗೆ ಮೀರಿದ್ದು. ಸಾಮಾನ್ಯ ಓಟದಲ್ಲಿ ಶೇ. 1ರಿಂದ 2ಕ್ಕಿಂತ ಕಡಿಮೆ ಇರುವ ಖನಿಜ ಕಾಣುವುದು ಕಷ್ಟ. ನಮ್ಮ ಶೇಷದ ತಾಮ್ರ 0.24. ಚಾಲ್ಕೋಪೈರೈಟ್‌ನಲ್ಲಿ ತಾಮ್ರ ಶೇ. 34.6, ಹಾಗಾದರೆ ಖನಿಜ ಬರೀ ಶೇ. 0.69. ಮ್ಯಾಲಕೈಟ್‌ನಲ್ಲಿ ತಾಮ್ರ ಶೇ. 57.5, ಅದು ಶೇ. 0.3 ಇದೆ. ಎರಡೂ ಗ್ರಾಫಿನ ಗದ್ದಲದಲ್ಲಿ ಮುಳುಗುತ್ತವೆ. ಕಾಣಲಿಲ್ಲ ಅಂದರೆ ಇಲ್ಲ ಅಂತ ಅರ್ಥ ಅಲ್ಲ.

ಇದಕ್ಕಿಂತ ಅಪಾಯ, ಇಲ್ಲದ್ದು ಕಾಣುವುದು. ತಾಮ್ರದ ಟ್ಯೂಬ್ ಇರುವ ಯಂತ್ರದಲ್ಲಿ ಚಾಲ್ಕೋಪೈರೈಟ್‌ನ ಮುಖ್ಯ ಗೆರೆ 29.4 ಡಿಗ್ರಿಯಲ್ಲಿ ಬರುತ್ತದೆ. ಕ್ಯಾಲ್ಸೈಟ್‌ನ ಮುಖ್ಯ ಗೆರೆಯೂ 29.4ರಲ್ಲೇ. ಲೋಕಾಪುರ, ಬಾಗಲಕೋಟೆ ಸುಣ್ಣದ ಕಲ್ಲು ನೋಡಿ ಬೆಳೆದ ನಮ್ಮ ಕಣ್ಣಿಗೆ ಅದು ಯಾವತ್ತೂ ಕ್ಯಾಲ್ಸೈಟ್. ತಾಮ್ರದವರ ಕಣ್ಣಿಗೆ ಅದೇ ಚಾಲ್ಕೋಪೈರೈಟ್. ಇದೇ ಅದಿರಿಗೆ ಬೇರೆ ಕಡೆಯಿಂದ ಬಂದಿದ್ದ ಒಂದು ರಿಪೋರ್ಟ್ ಚಾಲ್ಕೋಪೈರೈಟ್ ಶೇ. 4 ಅಂದಿತ್ತು. ಶೇ. 4 ಇದ್ದಿದ್ದರೆ ಅದೊಂದರಿಂದಲೇ ತಾಮ್ರ ಶೇ. 1.38 ಬರಬೇಕು. ಒಟ್ಟೇ 0.54 ಇರುವಾಗ ಅದು ಹೇಗೆ ಸಾಧ್ಯ? ಈ ಒಂದು ಗುಣಾಕಾರ ಮಾಡದೆ ಯಾವ ಎಕ್ಸ್‌ಆರ್‌ಡಿ ಅಂಕಿಯನ್ನೂ ಒಪ್ಪಬೇಡಿ.

ಬೇರ್ಪಡಿಸಲು ಕ್ಯಾಲ್ಸೈಟ್‌ನ ಬೇರೆ ಗೆರೆಗಳನ್ನು, 39.4 ಮತ್ತು 43.1ರಲ್ಲಿ, ಹುಡುಕಿ. ಇನ್ನೂ ಗಟ್ಟಿ ದಾರಿ ಅಂದರೆ ಪುಡಿಯನ್ನು ಅಗಲ ಬಟ್ಟಲಿನಲ್ಲಿ ನೀರು ಹಾಕಿ, ಮರಳಿನಲ್ಲಿ ಚಿನ್ನ ಹುಡುಕುವವರ ಹಾಗೆ ತಿರುಗಿಸಿ ಹಗುರದ್ದನ್ನು ಚೆಲ್ಲುವುದು. ಕ್ಯಾಲ್ಸೈಟ್ 2.7ರ ಹಗುರ ಖನಿಜ, ಹೊರಟುಹೋಗುತ್ತದೆ. ತಳದಲ್ಲಿ ಉಳಿದ ಭಾರದ ಪುಡಿಯಲ್ಲಿ 29.4 ಇನ್ನೂ ಎತ್ತರವಾದರೆ ಚಾಲ್ಕೋಪೈರೈಟ್, ಕುಗ್ಗಿದರೆ ಕ್ಯಾಲ್ಸೈಟ್. ಕಬ್ಬಿಣ ಹೆಚ್ಚಿರುವ ಅದಿರಿನಲ್ಲಿ ಗ್ರಾಫಿನ ತಳವೇ ಮೇಲೆದ್ದು ಬರುತ್ತದೆ, ಯಾಕೆಂದರೆ ತಾಮ್ರದ ಟ್ಯೂಬ್‌ನ ಕಿರಣ ಕಬ್ಬಿಣವನ್ನೇ ಹೊಳೆಯಿಸುತ್ತದೆ. ಕೋಬಾಲ್ಟ್ ಟ್ಯೂಬ್ ಇರುವ ಕಡೆ ಮಾಡಿಸಿದರೆ ಆ ತೊಂದರೆ ಇರುವುದಿಲ್ಲ.

ಎಕ್ಸ್‌ಆರ್‌ಎಫ್ ಬಗ್ಗೆ ಎರಡೇ ಮಾತು. ಅದೂ ಎಕ್ಸ್-ಕಿರಣದ ಯಂತ್ರವೇ, ಆದರೆ ಅದು ಹೇಳುವುದು ಧಾತು, ಖನಿಜ ಅಲ್ಲ. ಬಾಕ್ಸೈಟ್‌ಗೆ ಹೊಂದಿಸಿದ ಕ್ಯಾಲಿಬ್ರೇಶನ್‌ನಲ್ಲಿ ತಾಮ್ರದ ಅದಿರು ಓಡಿಸಿದರೆ ಧಾತುವಿನ ಅಂಕಿಯೂ ಸರಿ ಬರುವುದಿಲ್ಲ.

ಶೇಷದಲ್ಲಿ ಉಳಿದದ್ದೆಲ್ಲ ಚಾಲ್ಕೋಪೈರೈಟಾ?

ಇಲ್ಲಿ ಗಂಧಕವನ್ನು ಸಾಕ್ಷಿಗೆ ಕರೆಯಬೇಕು. ಶೇಷದ 0.24 ತಾಮ್ರ ನಿಜಕ್ಕೂ ಚಾಲ್ಕೋಪೈರೈಟ್ ಆದರೆ ಅದರ ಜೊತೆ ಅಷ್ಟೇ, ಅಂದರೆ ಸುಮಾರು 0.24 ಗಂಧಕ ಇರಲೇಬೇಕು, ಯಾಕೆಂದರೆ ಆ ಖನಿಜದಲ್ಲಿ ತಾಮ್ರ ಶೇ. 34.6, ಗಂಧಕ ಶೇ. 34.9. ಸಯನೈಡ್‌ನ 0.12 ಚಾಲ್ಕೋಸೈಟ್ ಆದರೆ ಅದಕ್ಕೆ 0.03 ಗಂಧಕ. ಒಟ್ಟು 0.27. ಅಳೆದ ಸಲ್ಫೈಡ್ ಗಂಧಕ ಇದಕ್ಕಿಂತ ಕಡಿಮೆ ಬಂದರೆ ಶೇಷದ ತಾಮ್ರದಲ್ಲಿ ಒಂದು ಭಾಗ ಗೋಯಥೈಟ್, ಅಭ್ರಕ, ಕ್ಲೋರೈಟ್ ಒಳಗೆ ಇದೆ. ಅದು ತೇಲುವುದಿಲ್ಲ, ಸುಲಭಕ್ಕೆ ಕರಗುವುದೂ ಇಲ್ಲ. ಗಂಧಕ ಜಾಸ್ತಿ ಬಂದರೆ ಹೆಚ್ಚಿನದು ಪೈರೈಟ್. ಆದರೆ ಪೈರೈಟ್ ಬಹಳ ಇರುವ ಅದಿರಿನಲ್ಲಿ ಈ ಸಾಕ್ಷಿ ದುರ್ಬಲ, ಆ ಗಂಧಕ ಎಲ್ಲ ಕೊರತೆಯನ್ನೂ ಮುಚ್ಚಿಬಿಡುತ್ತದೆ. ಜಿಪ್ಸಂ, ಬರೈಟ್‌ನ ಗಂಧಕವನ್ನು ಬೇರೆ ಮಾಡದೆ ಒಟ್ಟು ಗಂಧಕ ಹಿಡಿದರೂ ಅಷ್ಟೇ.

ಆಗ ಸೂಕ್ಷ್ಮದರ್ಶಕವೇ ಗತಿ. ಪಾಲಿಶ್ ಮಾಡಿದ ಬ್ಲಾಕ್ ಮೇಲೆ ಬೆಳಕು ಬಿಟ್ಟು ನೋಡಿದರೆ ಚಾಲ್ಕೋಪೈರೈಟ್ ಹಿತ್ತಾಳೆಯ ಹಳದಿ, ಪೈರೈಟ್ ಬಿಳುಪು ಹಳದಿ, ಕೋವೆಲೈಟ್ ಕಡು ನೀಲಿ, ಚಾಲ್ಕೋಸೈಟ್ ನೀಲಿ ಛಾಯೆಯ ಬೂದು. ಮ್ಯಾಲಕೈಟ್ ಮಾತ್ರ ಸುತ್ತಲ ಕಲ್ಲಿನಂತೆಯೇ ಬೂದಾಗಿ ಕಂಡು ಮೋಸ ಮಾಡುತ್ತದೆ, ಬೆಳಕಿನ ದಾರಿಗೆ ಅಡ್ಡ ಪೋಲರೈಸರ್ ಹಾಕಿದಾಗ ಒಳಗಿನಿಂದ ಹಸಿರು ಹೊಳೆಯುತ್ತದೆ. ಬ್ಲಾಕ್ ಮಾಡುವಾಗ ರಾಳ ಗಟ್ಟಿಯಾಗುವ ಮೊದಲೇ ಭಾರದ ಕಣ ತಳಕ್ಕೆ ಇಳಿಯುತ್ತದೆ. ತಳವನ್ನಷ್ಟೇ ಪಾಲಿಶ್ ಮಾಡಿದರೆ ಸಲ್ಫೈಡ್ ಜಾಸ್ತಿ ಕಾಣುತ್ತದೆ. ಬ್ಲಾಕನ್ನು ಉದ್ದಕ್ಕೆ ಸೀಳಿ, ಸೀಳಿದ ಮುಖ ನೋಡಿ.

ನಮ್ಮ ಬ್ಲಾಕ್‌ನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಚಾಲ್ಕೋಸೈಟ್ ಬೇರೆ ಕಣವಾಗಿ ಇರುವುದು ಕಡಿಮೆ, ಹೆಚ್ಚಿನದು ಪೈರೈಟ್ ಕಣದ ಸುತ್ತ ತೆಳು ಸಿಪ್ಪೆಯಂತೆ ಕೂತಿತ್ತು. ಯಾವ ರಾಸಾಯನಿಕ ಅಂಕಿಯೂ ಇದನ್ನು ಹೇಳುವುದಿಲ್ಲ. ಪ್ಲಾಂಟಿಗೆ ಇದು ದೊಡ್ಡ ಸುದ್ದಿ, ಯಾಕೆಂದರೆ ತಾಮ್ರದ ಸಿಪ್ಪೆ ಹೊತ್ತ ಪೈರೈಟ್ ಸುಣ್ಣ ಹಾಕಿ ಪಿಎಚ್ ಏರಿಸಿದರೂ ತೇಲಿ ಬರುತ್ತದೆ, ಕಾನ್ಸಂಟ್ರೇಟ್‌ನ (ತೇಲಿಸಿ ತೆಗೆದ ಸಾಂದ್ರ ಅದಿರಿನ) ದರ್ಜೆ ಇಳಿಸುತ್ತದೆ.

ಮೊದಲೇ ಹೇಳಬೇಕಿದ್ದ ಒಂದು ಮಾತು. ಆಮ್ಲದ ಹೆಜ್ಜೆ ಆದಮೇಲೆ ಶೇಷವನ್ನು, ತೊಳೆದ ನೀರಿನಲ್ಲಿ ಆಮ್ಲ ಇಲ್ಲದಂತಾಗುವವರೆಗೂ ತೊಳೆಯದೆ ಸಯನೈಡ್ ಹತ್ತಿರ ಒಯ್ಯಬೇಡಿ. ಸಯನೈಡ್ ದ್ರಾವಣದ ಪಿಎಚ್ 11ರ ಕೆಳಗೆ ಇಳಿಯಬಾರದು. ಇಳಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ, ಅದು ಪ್ರಾಣ ತೆಗೆಯುತ್ತದೆ. ಒಬ್ಬರೇ ಇರುವಾಗ ಈ ಹೆಜ್ಜೆ ಮಾಡಲೇಬೇಡಿ.

ಈಗ ನಮ್ಮಲ್ಲಿ ತಾಮ್ರದ ಪ್ರತಿ ಸರದಿಗೂ ಮೊದಲು 100 ಗ್ರಾಂ ಶುದ್ಧ ಕ್ವಾರ್ಟ್ಜ್ ಅರೆದು, ಅದೇ ಜರಡಿ, ಅದೇ ಬೀಕರ್ ದಾಟಿಸಿ ಕಬ್ಬಿಣ, ತಾಮ್ರ, ಸತು ಮೂರನ್ನೂ ಅಳೆಯುತ್ತೇವೆ. ಅದರಲ್ಲಿ ಏನಾದರೂ ಕಂಡರೆ ಅದಿರು ಮುಟ್ಟುವುದಿಲ್ಲ. ಆ ಮೂಟೆಯ ಉಳಿದ ಆರು ಸ್ಯಾಂಪಲ್ ಕೂಡ ಮತ್ತೆ ಅರೆದು ನೋಡಿದೆವು. ಮೇಲ್ಪದರದಿಂದ ತೆಗೆದ ಮೂರರಲ್ಲಿ ಆಮ್ಲದ ಅಂಕಿ ಏರಿತು, ಆಳದ ಮೂರರಲ್ಲಿ ಹಾಗೇ ಇತ್ತು, ಅಲ್ಲಿ ಮ್ಯಾಲಕೈಟ್ ಇರಲೇ ಇಲ್ಲ. ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಯಾಕೆ ಬದಲಾಯಿತು ಅಂತ ಬರೆದು ಗಿರಾಕಿಗೆ ಕಳಿಸಿದ್ದೇವೆ. ಅವರು ಸಲ್ಫೈಡ್ ಲೇಪ ಕೊಟ್ಟು ತೇಲಿಸುವ ಪರೀಕ್ಷೆ ಬೇಕು ಅಂದಿದ್ದಾರೆ. ಅದಕ್ಕೆ 20 ಕೆ.ಜಿ. ಹೊಸ ಸ್ಯಾಂಪಲ್ ಬರಬೇಕು, ಗೋಣಿಚೀಲದಲ್ಲಿ ಬೇಡ, ಒಣಗಿಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಳಿಸಿ ಅಂತ ಹೇಳಿದ್ದೇವೆ.